ರೋಮ್‌ಗೆ ದಸರಾ ರಜೆಯಲ್ಲಿ ಹೋಗುವುದೋ, ಮೇ ತಿಂಗಳಲ್ಲೋ?

ದಾವಣಗೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ಹತ್ತೊಂಬತ್ತು ವರ್ಷಗಳಿಂದ ರೋಮನ್ ನಾಗರಿಕತೆಯ ಪಾಠ ಮಾಡುತ್ತಿದ್ದೇನೆ. ಪ್ರತಿ ಸಲವೂ ಕಪ್ಪು ಹಲಗೆಯ ಮೇಲೆ ಕೊಲೊಸಿಯಂನ ಕಮಾನುಗಳನ್ನು ಸೀಮೆಸುಣ್ಣದಲ್ಲಿ ಬಿಡಿಸುತ್ತೇನೆ. ಕಣ್ಣಾರೆ ಒಮ್ಮೆಯೂ ಕಂಡಿಲ್ಲ. ಈ ವರ್ಷ ಹೋಗಿಯೇ ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ, ಹೀಗೆ ನಾಲ್ಕು ಜನ. ಎಂಟು ದಿನಗಳಲ್ಲಿ ಐದು ದೇಶ ಸುತ್ತಿಸುವ ಪ್ಯಾಕೇಜ್ ನಮಗೆ ಬೇಡ. ರೋಮ್ ಒಂದೇ ಊರು, ಆರೇಳು ದಿನ, ನಿಧಾನವಾಗಿ.

ನನಗಿರುವುದು ಎರಡೇ ಅವಕಾಶ: ಬೇಸಿಗೆ ರಜೆ, ಇಲ್ಲವೇ ದಸರಾ ರಜೆ. ಓದಿದಲ್ಲೆಲ್ಲ ‘ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಉತ್ತಮ’ ಎಂದಷ್ಟೇ ಇದೆ. ಆ ಲೆಕ್ಕದಲ್ಲಿ ನನ್ನ ಎರಡು ರಜೆಗಳೂ ಉತ್ತಮವೇ, ಹಾಗಾಗಿ ದಾರಿ ಕಾಣುತ್ತಿಲ್ಲ. ಅಪ್ಪನಿಗೆ 71. ಹೊಲದಲ್ಲಿ ದುಡಿದ ಗಟ್ಟಿ ದೇಹ, ಆದರೆ ಎರಡು ವರ್ಷದಿಂದ ಮಂಡಿ ನೋವು. ಅಮ್ಮ ಶುದ್ಧ ಸಸ್ಯಾಹಾರಿ. ದಾವಣಗೆರೆಯ ಏಪ್ರಿಲ್ ಬಿಸಿಲು ಉಂಡವರಿಗೆ ಬಿಸಿಲಿನ ಭಯವಿಲ್ಲ. ಚಳಿ ಮಾತ್ರ ಹೊಸದು. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ತಿಳಿಸಿ.

ತುಮಕೂರಿನ ತಾಯಿ

ನಾವು 2024ರ ಏಪ್ರಿಲ್ ಕೊನೆಯ ವಾರ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಊರು ಮದುವೆ ಮನೆಯಂತೆ ಸಿಂಗರಿಸಿಕೊಂಡಿತ್ತು. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಆ ಹೊತ್ತಿಗೆ ಅಜೇಲಿಯಾ ಹೂವಿನ ಕುಂಡಗಳನ್ನು ಸಾಲಾಗಿ ಇಡುತ್ತಾರೆ. ಅವೆಂಟೈನ್ ಗುಡ್ಡದ ಮೇಲೆ ನಗರಸಭೆಯ ಗುಲಾಬಿ ತೋಟವಿದೆ, ವರ್ಷವಿಡೀ ತೆರೆದಿರುವುದಿಲ್ಲ, ಮುಖ್ಯವಾಗಿ ಗುಲಾಬಿ ಅರಳುವ ಮೇ ತಿಂಗಳ ಆಸುಪಾಸಿನಲ್ಲಿ ಒಳಗೆ ಬಿಡುತ್ತಾರೆ. ಒಂದು ಕಾಲಕ್ಕೆ ಅದು ಯಹೂದಿಗಳ ಸ್ಮಶಾನವಾಗಿತ್ತಂತೆ. ಅದರ ನೆನಪಿಗೆ ಕಾಲುದಾರಿಗಳನ್ನು ಅವರ ಏಳು ಕವಲಿನ ದೀಪಸ್ತಂಭದ ಆಕಾರದಲ್ಲೇ ಹಾಕಿದ್ದಾರೆ. ನನ್ನ ಮಗಳು ಅಲ್ಲಿಂದ ಏಳಲೇ ಒಪ್ಪಲಿಲ್ಲ.

ಆದರೆ ಒಂದು ತಪ್ಪು ಮಾಡಿದೆವು. ಏಪ್ರಿಲ್ 25 ಇಟಲಿಯ ವಿಮೋಚನಾ ದಿನ, ರಜೆ. ಅಂದು ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ದುಡ್ಡು ಉಳಿಯುತ್ತದೆಂದು ಅಂದೇ ಕೊಲೊಸಿಯಂಗೆ ಹೋದೆವು. ಎರಡೂವರೆ ಗಂಟೆ ಬಿಸಿಲಿನಲ್ಲಿ ನಿಂತಿದ್ದೆವು, ಚಿಕ್ಕವನು ಅಳಲು ಶುರುಮಾಡಿದ. ಮಂಡಿ ನೋವಿರುವವರನ್ನು ಉಚಿತ ಪ್ರವೇಶದ ದಿನ ಖಂಡಿತ ಕರೆದೊಯ್ಯಬೇಡಿ. ತಿಂಗಳ ಮೊದಲ ಭಾನುವಾರವೂ ಹಾಗೆಯೇ.

ರೋಮ್‌ನಲ್ಲಿರುವ ಶಿರಸಿಯವಳು

ಮೇಷ್ಟ್ರೇ, ನಮಸ್ಕಾರ. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿನಿಂದ ಬರುವವರೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಡಿಗ್ರಿ ಇರುತ್ತದೆ’ ಎಂಬುದು. ದಯವಿಟ್ಟು ಡಿಗ್ರಿಯ ಲೆಕ್ಕವನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂದು ನೋಡಿ, ಆಮೇಲೆ ನಿಮ್ಮ ಜೊತೆಯಲ್ಲಿರುವವರ ಕಾಲು ನೋಡಿ.

ನಮ್ಮ ಕರ್ನಾಟಕದಲ್ಲಿ ಸೂರ್ಯಾಸ್ತ ವರ್ಷವಿಡೀ ಹೆಚ್ಚೆಂದರೆ ಒಂದು ಗಂಟೆ ಆಚೀಚೆಯಾಗುತ್ತದೆ. ಆದ್ದರಿಂದ ಸಂಜೆಯೆಂದರೆ ಆರೂವರೆ ಎಂದು ನಮ್ಮ ಮೈಯೇ ಲೆಕ್ಕ ಹಾಕಿಕೊಂಡಿರುತ್ತದೆ. ರೋಮ್ ಇರುವುದು 41.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಇಲ್ಲಿ ರಾತ್ರಿ ಎಂಟೂ ಮುಕ್ಕಾಲರ ತನಕ ಬಿಸಿಲಿದ್ದರೆ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂ ಮುಕ್ಕಾಲರೊಳಗೆ ಸೂರ್ಯ ಮುಳುಗಿರುತ್ತಾನೆ. ನಾಲ್ಕು ಗಂಟೆಯ ಅಂತರ! ಅದೇ ಟಿಕೆಟ್, ಅದೇ ಕೋಣೆ ಬಾಡಿಗೆ, ಆದರೆ ಕೈಗೆ ಸಿಗುವ ದಿನ ಒಂದೇ ಅಲ್ಲ.

ಇದಕ್ಕಿಂತ ಮುಖ್ಯವಾದದ್ದು ಗಡಿಯಾರದ ವಿಚಾರ. ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಆ ಭಾನುವಾರ ಅಕ್ಟೋಬರ್ 25ಕ್ಕೆ ಬರುತ್ತದೆ. ಶನಿವಾರ, ಅಂದರೆ 24ರಂದು, ಸೂರ್ಯ ಮುಳುಗುವುದು ಸುಮಾರು ಆರೂಕಾಲಿಗೆ. ಮಾರನೆಯ ದಿನವೇ ಐದೂ ಹತ್ತರ ಸುಮಾರಿಗೆ. ಕೊಲೊಸಿಯಂ ಕೂಡ ಇದನ್ನೇ ಅನುಸರಿಸುತ್ತದೆ. ಅಕ್ಟೋಬರ್ ತಿಂಗಳಲ್ಲಿ ಸಂಜೆ ಆರೂವರೆಯ ತನಕ ತೆರೆದಿರುವುದು ಆ ಭಾನುವಾರದಿಂದ ನಾಲ್ಕೂವರೆಗೆ ಮುಚ್ಚುತ್ತದೆ, ಕೊನೆಯ ಪ್ರವೇಶ ಅದಕ್ಕೂ ಒಂದು ಗಂಟೆ ಮೊದಲು. ಅಂದರೆ ಮಧ್ಯಾಹ್ನ ಊಟ ಮಾಡಿ, ಹಿರಿಯರು ಒಂದು ನಿದ್ದೆ ತೆಗೆದು ನಾಲ್ಕು ಗಂಟೆಗೆ ಹೊರಟರೆ 24ರಂದು ಆರಾಮವಾಗಿ ಒಳಗೆ ಹೋಗಬಹುದು, 25ರಂದು ಬಾಗಿಲಲ್ಲೇ ವಾಪಸ್ಸು. ನಮ್ಮವರೇ ಒಬ್ಬರು ಎರಡು ವರ್ಷದ ಹಿಂದೆ ಹೀಗೆ ವಾಪಸ್ಸು ಬಂದು ನಮ್ಮ ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದರು. ನನಗೆ ಇಂದಿಗೂ ಅದು ನೋವು, ಏಕೆಂದರೆ ನಾನು ಮೊದಲೇ ಹೇಳಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೆಳಕಿನ ಲೆಕ್ಕದಲ್ಲಿ ಮೇ ಗೆಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಎಂಟು ಗಂಟೆಗೂ ಬೆಳಕು, ಹಿತವಾದ ಹವೆ. ಆದರೆ ಮಾರ್ಚ್ ಕೊನೆಯಿಂದ ಮೇ ತನಕ ಇಟಲಿಯ ಶಾಲಾ ಮಕ್ಕಳ ಪ್ರವಾಸಕಾಲ. ಬಸ್ಸುಗಟ್ಟಲೆ ಮಕ್ಕಳು ಬಂದಿಳಿಯುತ್ತಾರೆ, ಎಲ್ಲ ಕಡೆ ಸಾಲು. ನಡೆಯುವುದಕ್ಕಿಂತ ನಿಲ್ಲುವುದೇ ಮಂಡಿಗೆ ಕಷ್ಟ. ಅಲ್ಲದೆ ಈಗಾಗಲೇ ಫೆಬ್ರವರಿ ಬಂದಿದೆ, ನಾಲ್ಕು ಜನರ ವೀಸಾ ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಆಗಬೇಕು. ವೀಸಾ ಕೈಯಲ್ಲಿದ್ದಿದ್ದರೆ ಮೇ ಮೊದಲ ಹದಿನೈದು ದಿನ ಎನ್ನುತ್ತಿದ್ದೆ. ಈಗಿನ ಸ್ಥಿತಿಯಲ್ಲಿ ಅಕ್ಟೋಬರ್ ಎನ್ನುತ್ತೇನೆ, ಆದರೆ 25ಕ್ಕೆ ಮುಂಚೆ.

ಅಕ್ಟೋಬರ್‌ನಲ್ಲಿ ಜನ ಇರುವುದಿಲ್ಲವೆಂದಾಗಲೀ ಕೋಣೆ ಅಗ್ಗವೆಂದಾಗಲೀ ಭಾವಿಸಬೇಡಿ, ಎರಡೂ ಸುಳ್ಳು. ಆದರೆ ಇಲ್ಲಿನ ಜನ ಆ ತಿಂಗಳ ತಿಳಿ ಬಿಸಿಲಿಗೆ ‘ಒಟ್ಟೊಬ್ರಾಟಾ’ ಎಂದು ಹೆಸರೇ ಇಟ್ಟಿದ್ದಾರೆ. ಹಿಂದೆ ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ ಊರವರೆಲ್ಲ ಗಾಡಿ ಕಟ್ಟಿಕೊಂಡು ಊರಾಚೆಯ ತೋಟಗಳಿಗೆ ಹೋಗಿ ಉಂಡು, ಹಾಡಿ, ಕುಣಿದು ಬರುತ್ತಿದ್ದರು. ಆ ಪದ್ಧತಿಯಿಂದಲೇ ಈ ಹೆಸರು. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವುದಿಲ್ಲವೇ, ಅದನ್ನೇ ನೆನೆಸಿಕೊಳ್ಳಿ. ಮಧ್ಯಾಹ್ನ 22 ಡಿಗ್ರಿಯ ಆಸುಪಾಸು, ಬೆಳಗ್ಗೆ ಒಂದು ಸ್ವೆಟರ್ ಸಾಕು. ಆ ಹೊತ್ತಿನಲ್ಲಿ ಹಳೆಯ ಮನೆಗಳ ಕಾವಿ ಬಣ್ಣದ ಗೋಡೆಗಳ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ. ನಾಲ್ಕು ಗಂಟೆಗೆ ಗೋಡೆಯೇ ಒಳಗಿನಿಂದ ಬೆಳಗುತ್ತಿದೆಯೇನೋ ಎನಿಸುತ್ತದೆ. ಹದಿನಾಲ್ಕು ವರ್ಷವಾದರೂ ನಾನು ಅದಕ್ಕಾಗಿ ಕೆಲಸದಿಂದ ಬರುವಾಗ ಒಂದು ಬಸ್ ನಿಲ್ದಾಣ ಮುಂಚೆಯೇ ಇಳಿದುಬಿಡುತ್ತೇನೆ.

ಮಲ್ಲೇಶ್ವರದ ಅಜ್ಜಿ

ನನ್ನ ಮಗನಿಗೆ ರಜೆ ಸಿಕ್ಕಿದ್ದು ಆಗಸ್ಟ್‌ನಲ್ಲಿ, ಹಾಗಾಗಿ ಆಗಸ್ಟ್‌ನಲ್ಲೇ ಹೋದೆವು. ಬಿಸಿಲಿಗೆ ಹೆದರುವುದಿಲ್ಲ ಎಂದು ಮೇಷ್ಟ್ರು ಬರೆದದ್ದನ್ನು ಓದಿ ನಮ್ಮದೇ ನೆನಪಾಯಿತು. ನಾವೂ ಹಾಗೇ ಅಂದುಕೊಂಡಿದ್ದೆವು. ಊರಿನ ಬಿಸಿಲಿನಲ್ಲಿ ನಾವು ಮಧ್ಯಾಹ್ನ ಮನೆಯೊಳಗಿರುತ್ತೇವೆ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ರೋಮ್‌ನ ಸಭಾಚೌಕವಾದ ರೋಮನ್ ಫೋರಂನ ಕಲ್ಲುಗಳ ನಡುವೆ ನಿಂತಿರುತ್ತೇವೆ. ಅಲ್ಲಿ ನೆರಳೆಂಬುದು ಸಿಗುವುದೇ ಅಪರೂಪ. 2023ರ ಜುಲೈನಲ್ಲಿ ಆ ಊರು 40 ಡಿಗ್ರಿ ದಾಟಿತ್ತು. ಆಗಸ್ಟ್ 15 ಅವರಿಗೆ ಫೆರಾಗೋಸ್ತೊ ಎಂಬ ದೊಡ್ಡ ರಜೆ. ಅದರ ಹಿಂದೆ ಮುಂದೆ ಊರಿನವರೇ ಸಮುದ್ರದ ಕಡೆಗೋ ಬೆಟ್ಟದ ಕಡೆಗೋ ಹೋಗಿರುತ್ತಾರೆ. ಮಗ ಹುಡುಕಿಟ್ಟಿದ್ದ ಮೂರು ಸಣ್ಣ ಊಟದ ಮನೆಗಳಿಗೂ ಬೀಗ.

ಎರಡು ವಿಷಯ ಮಾತ್ರ ಹೇಳಲೇಬೇಕು. ಆಗಸ್ಟ್ 5ರ ದಿನ ಸಾಂತಾ ಮರಿಯಾ ಮಜ್ಜೋರೆ ಎಂಬ ದೊಡ್ಡ ಚರ್ಚಿನಲ್ಲಿ ಪೂಜೆಯ ಹೊತ್ತಿಗೆ ಮೇಲ್ಛಾವಣಿಯಿಂದ ಬಿಳಿ ಹೂವಿನ ಎಸಳುಗಳನ್ನು ಸುರಿಸುತ್ತಾರೆ. ನಾಲ್ಕನೆಯ ಶತಮಾನದಲ್ಲಿ ಆ ಜಾಗದಲ್ಲಿ ನಡುಬೇಸಿಗೆಯಲ್ಲಿ ಹಿಮ ಬಿದ್ದಿತ್ತೆಂಬ ಐತಿಹ್ಯವಂತೆ. ಎಸಳೊಂದು ನನ್ನ ಸೆರಗಿನ ಮೇಲೆ ಬಿತ್ತು, ಇನ್ನೂ ಭಗವದ್ಗೀತೆಯ ಪುಸ್ತಕದೊಳಗಿದೆ. ಇನ್ನೊಂದು, ಬೀದಿಯ ನಲ್ಲಿ ನೀರು. ಎರಡು ಸಾವಿರಕ್ಕೂ ಹೆಚ್ಚು ಕಬ್ಬಿಣದ ನಲ್ಲಿಗಳು ಊರ ತುಂಬ ಇವೆ, ಮೂಗಿನಂತೆ ಬಾಗಿರುವುದರಿಂದ ‘ನಾಸೋನಿ’ ಎನ್ನುತ್ತಾರೆ. ಕೆಳಗಿನ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ; ಬಗ್ಗದೆ ಕುಡಿಯಬಹುದು. ತಣ್ಣಗಿನ ಸಿಹಿನೀರು. ಬಾಟಲಿ ನೀರಿಗೆ ಒಂದು ಯೂರೊ ಕೂಡ ಖರ್ಚು ಮಾಡಲಿಲ್ಲ.

ದಾವಣಗೆರೆ ಮೇಷ್ಟ್ರು

ಶಿರಸಿಯ ಅಕ್ಕ, ನಿಮ್ಮ ಬರಹವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಬೆಳಕಿನ ವಿಚಾರ ನನ್ನ ತಲೆಗೆ ಹೊಳೆದೇ ಇರಲಿಲ್ಲ, ಮಕ್ಕಳಿಗೆ ಅಕ್ಷಾಂಶ ಕಲಿಸುವವನಿಗೇ ಹೊಳೆಯಲಿಲ್ಲ. ಈಗ ಎರಡು ತೊಡಕುಗಳಿವೆ.

ಮೊದಲನೆಯದು ಅಮ್ಮನದು. ಅವರ ತವರು ನಂಜನಗೂಡು. ಮದುವೆಯಾಗಿ ಬಂದ ವರ್ಷದಿಂದ ಒಮ್ಮೆಯೂ ತಪ್ಪಿಸದೆ ಒಂಬತ್ತು ದಿನ ಗೊಂಬೆ ಕೂರಿಸಿದ್ದಾರೆ. ಈ ವರ್ಷ ವಿಜಯದಶಮಿ ಅಕ್ಟೋಬರ್ 20. ‘ಪಟ್ಟದ ಗೊಂಬೆ ಮಲಗಿಸುವ ಮುಂಚೆ ನಾನು ಹೊಸಿಲು ದಾಟುವುದಿಲ್ಲ’ ಎಂದು ಹೇಳಿದ್ದಾರೆ, ನಾನು ಎದುರು ಮಾತಾಡುವ ಪ್ರಶ್ನೆಯೇ ಇಲ್ಲ. 20ರ ಸಂಜೆ ಪೂಜೆ ಮುಗಿಸಿ ಹೊರಟರೆ ನೀವು ಹೇಳಿದ 25ರ ಮುಂಚೆ ಉಳಿಯುವುದೆಷ್ಟು?

ಎರಡನೆಯದು ಅಪ್ಪನ ಪ್ರಶ್ನೆ. ಡಿಗ್ರಿ, ಗಂಟೆ ಎರಡೂ ಅವರಿಗೆ ಬೇಡ. ‘ಅಲ್ಲಿ ಆಗ ಯಾವ ಮಳೆ?’ ಎಂದು ಕೇಳುತ್ತಿದ್ದಾರೆ. ನಮ್ಮಲ್ಲಿ ಅದು ಚಿತ್ತಾ ಮಳೆ ಮುಗಿದು ಸ್ವಾತಿ ಹುಟ್ಟುವ ಸಮಯ.

ಧಾರವಾಡದ ಓದುಗ

ಮೇಷ್ಟ್ರೇ, ನಿಮಗೆ ರಜೆಯ ಕಟ್ಟುಪಾಡಿದೆ, ಗೊತ್ತು. ಆದರೂ ಮುಂದೆ ಈ ಚರ್ಚೆ ಓದುವ ನಿವೃತ್ತರಿಗಾಗಿ ಫೆಬ್ರವರಿಯ ಪರವಾಗಿ ಬರೆಯುತ್ತಿದ್ದೇನೆ. ನಾನೂ ನನ್ನ ಹೆಂಡತಿಯೂ ಫೆಬ್ರವರಿಯಲ್ಲಿ ಹನ್ನೊಂದು ದಿನ ಇದ್ದೆವು. ವಿಮಾನದ ಟಿಕೆಟ್ಟೂ ಕೋಣೆಯೂ ಗಣನೀಯವಾಗಿ ಅಗ್ಗ. ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿ ‘ತ್ರಾಮೊಂತಾನಾ’ ಎನ್ನುತ್ತಾರೆ. ಅದು ಬೀಸಿದ ದಿನ ಚಳಿ ಕಿವಿಯೊಳಗೇ ನುಗ್ಗುತ್ತದೆ, ಆದರೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಜಾನಿಕೋಲೊ ಗುಡ್ಡದಿಂದ ನೋಡಿದಾಗ ದೂರದ ಬೆಟ್ಟಗಳ ಮೇಲಿನ ಹಿಮವೂ ಕಂಡಿತು. ರೋಮ್ ಊರಿನೊಳಗೆ ಹಿಮ ಬೀಳುವುದು ತೀರ ಅಪರೂಪ. 2018ರ ಫೆಬ್ರವರಿ 26ರಂದು ಬಿದ್ದಾಗ ಶಾಲೆಗಳಿಗೇ ರಜೆ ಕೊಟ್ಟಿದ್ದರು.

ಚಳಿಗಾಲದ ಸಂಜೆ ಟೆರ್ಮಿನಿ ರೈಲು ನಿಲ್ದಾಣದ ಎದುರು ನಿಂತು ನೋಡಿದ್ದನ್ನು ನಾನು ಮರೆಯಲಾರೆ. ಸೂರ್ಯ ಮುಳುಗುವ ಹೊತ್ತಿಗೆ ಲೆಕ್ಕವಿಲ್ಲದಷ್ಟು ಕಬ್ಬಕ್ಕಿಗಳು ಗೂಡು ಸೇರುವ ಮುನ್ನ ಆಕಾಶದಲ್ಲಿ ಗುಂಪಾಗಿ ಸುತ್ತುತ್ತವೆ. ಒಮ್ಮೆ ಹೊಗೆಯಂತೆ ಹರಡಿ, ಒಮ್ಮೆ ಹಗ್ಗದಂತೆ ಹೊಸೆದುಕೊಂಡು, ಮತ್ತೆ ಚದುರಿ. ಅರ್ಧ ಗಂಟೆ ಕತ್ತೆತ್ತಿ ನಿಂತಿದ್ದೆವು. ಆಮೇಲೆ ಅವು ಬಂದು ಕೂರುವುದು ಬೀದಿಬದಿಯ ಮರಗಳಲ್ಲಿ, ಆದ್ದರಿಂದ ನದಿಯ ದಂಡೆಯ ಮರಗಳ ಕೆಳಗೆ ನಡೆಯುವವರು ಮಳೆಯಿಲ್ಲದಿದ್ದರೂ ಕೊಡೆ ಬಿಡಿಸಿಕೊಂಡಿರುತ್ತಾರೆ.

ಶಿರಸಿಯ ಅಕ್ಕನವರ ಬೆಳಕಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದೊಂದರಿಂದಲೇ ಚಳಿಗಾಲವನ್ನು ತಳ್ಳಿಹಾಕಬಾರದು. ಚಿತ್ರ, ಶಿಲ್ಪ ನೋಡಲೆಂದೇ ಹೋಗುವವರಿಗೆ ಬೀದಿಯಲ್ಲಿ ಕತ್ತಲಾದರೇನಂತೆ? ಬೊರ್ಗೇಸೆ ಗ್ಯಾಲರಿಯಲ್ಲಿ ಒಳಗೆ ಬಿಡುವುದೇ ಎರಡು ಗಂಟೆಯ ಅವಧಿಗೆ. ಅಲ್ಲಿ ಬರ್ನಿನಿ ಎಂಬ ಶಿಲ್ಪಿ ಕಡೆದ ಅಪೊಲೊ ಮತ್ತು ಡಾಫ್ನೆಯ ಶಿಲ್ಪದ ಮುಂದೆ ನಾವಿಬ್ಬರೇ ಹತ್ತು ನಿಮಿಷ ಇದ್ದೆವು. ಓಡುವ ಹುಡುಗಿಯ ಬೆರಳ ತುದಿಗಳು ಎಲೆಯಾಗುತ್ತಿರುವುದನ್ನು ಅಮೃತಶಿಲೆಯಲ್ಲಿ ಎಷ್ಟು ತೆಳ್ಳಗೆ ಕಡೆದಿದ್ದಾನೆಂದರೆ, ಕಿಟಕಿಯ ಬೆಳಕು ಆ ಎಲೆಗಳನ್ನು ಹಾದು ಬರುತ್ತಿತ್ತು. ಮೇ ತಿಂಗಳ ಜನಜಂಗುಳಿಯಲ್ಲಿ ಅದು ಕಾಣುತ್ತಿತ್ತೇ?

ರೋಮ್‌ನಲ್ಲಿರುವ ಶಿರಸಿಯವಳು

ಧಾರವಾಡದ ಅಣ್ಣ, ಸೋತೆ. ಒಳಗಿನ ರೋಮ್ ನೋಡುವವರಿಗೆ ಫೆಬ್ರವರಿಯೇ ಸರಿ. ನಾನು ಹೊರಗಿನ ರೋಮ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ.

ಮೇಷ್ಟ್ರೇ, ನಿಮ್ಮ ತಂದೆಯವರ ಪ್ರಶ್ನೆಯೇ ಎಲ್ಲಕ್ಕಿಂತ ಸರಿಯಾದ ಪ್ರಶ್ನೆ. ಇಲ್ಲಿ ಮುಂಗಾರೆಂಬುದಿಲ್ಲ. ಬೇಸಿಗೆ ಪೂರ್ತಿ ಒಣ, ಜುಲೈನಲ್ಲಿ ಹನಿ ಬಿದ್ದರೆ ವಿಶೇಷ. ಮಳೆ ಜೋರಾಗುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬೇಸಿಗೆಯಿಡೀ ಕಾದ ಸಮುದ್ರದ ಮೇಲೆ ತಂಪು ಗಾಳಿ ಬಂದಾಗ ಗುಡುಗು ಸಿಡಿಲಿನ ಮಳೆ ಸುರಿಯುತ್ತದೆ. ಶಿರಸಿಯ ಮಳೆಯಂತೆ ದಿನಗಟ್ಟಲೆ ಜಡಿ ಹಿಡಿಯುವುದು ಕಡಿಮೆ. ಒಂದೆರಡು ಗಂಟೆ ಹೊಡೆದು, ಮತ್ತೆ ಬಿಸಿಲು. ನವೆಂಬರ್‌ನಲ್ಲಿ ಮಾತ್ರ ಮೋಡ ಕಟ್ಟಿಕೊಂಡೇ ಇರುವ ವಾರಗಳು ಬರುತ್ತವೆ. ಆದ್ದರಿಂದ ತಂದೆಯವರಿಗೆ ಹೇಳಿ, ಸ್ವಾತಿ ಹುಟ್ಟುವ ಮುನ್ನ ಬಂದರೆ ಒಳ್ಳೆಯದು. ವಿಚಿತ್ರ ನೋಡಿ, ಸ್ವಾತಿ ಹುಟ್ಟುವುದೂ ಇಲ್ಲಿ ಗಡಿಯಾರ ತಿರುಗುವುದೂ ಒಂದೇ ಹೊತ್ತಿಗೆ ಬಿದ್ದಿವೆ.

ಮಳೆಗಿಂತ ಮಳೆ ಬಿದ್ದ ನೆಲ ಅಪಾಯ. ಹಳೆಯ ಬೀದಿಗಳಿಗೆ ಹಾಸಿರುವುದು ‘ಸಾಂಪಿಯೆತ್ರಿನಿ’ ಎಂಬ ಸಣ್ಣ ಕಪ್ಪು ಕಲ್ಲುಗಳು, ಬೆಂಕಿಬೆಟ್ಟದ ಶಿಲೆ. ನೂರಾರು ವರ್ಷ ಕಾಲು, ಗಾಲಿ ತಿಕ್ಕಿ ತಿಕ್ಕಿ ಅವುಗಳ ನೆತ್ತಿ ರುಬ್ಬುಗುಂಡಿನಂತೆ ನುಣುಪಾಗಿದೆ. ನೀರು ಬಿದ್ದರೆ ಜಾರುತ್ತವೆ, ಒಣಗಿದ್ದರೂ ಒಂದು ಕಲ್ಲು ಮೇಲೆ, ಒಂದು ಕೆಳಗೆ. ತಂದೆಯವರಿಗೆ ರಬ್ಬರ್ ಅಟ್ಟೆಯ ಹೊಸ ಬೂಟು ಕೊಡಿಸಿ, ಈಗಲೇ ಕೊಡಿಸಿ. ನಿಮ್ಮೂರಿನಲ್ಲಿ ಎರಡು ತಿಂಗಳು ಹಾಕಿ ಕಾಲಿಗೆ ಹೊಂದಿಸಿಕೊಳ್ಳಲಿ. ಚಪ್ಪಲಿ ಬೇಡವೇ ಬೇಡ. ಊರುಗೋಲು ಬಳಸುತ್ತಿದ್ದರೆ ತರಲಿ, ಸಂಕೋಚ ಬೇಡ. ಕೊಲೊಸಿಯಂನಲ್ಲಿ ಲಿಫ್ಟ್ ಇದೆ. ಮೆಟ್ರೊದ ಮೂರನೆಯ ಮಾರ್ಗವೂ 2025ರ ಡಿಸೆಂಬರ್‌ನಿಂದ ಕೊಲೊಸಿಯಂ ತನಕ ಬಂದಿದೆ. ಆ ನಿಲ್ದಾಣ ಅಗೆಯುವಾಗ ಸಿಕ್ಕ ಹಳೆಯ ಬಾವಿ, ಮಡಕೆಗಳನ್ನು ಕೆಳಗೇ ಜೋಡಿಸಿಟ್ಟಿದ್ದಾರೆ. ಇತಿಹಾಸ ಕಲಿಸುವವರು ಬರಿದೇ ದಾಟಿಹೋಗಬೇಡಿ.

ಇನ್ನು ಅಮ್ಮನವರ ಗೊಂಬೆ. ಅವರು ಹೇಳಿದ್ದೇ ಸರಿ, ಪೂಜೆ ಮುಗಿಸಿಯೇ ಬನ್ನಿ. 20ರ ಸಂಜೆ ಗೊಂಬೆ ಮಲಗಿಸಿ, ಊರಿನಿಂದ ಬೆಂಗಳೂರಿಗೆ ಬಂದು, 21ರಂದು ವಿಮಾನ ಹತ್ತಿ. ಗಲ್ಫ್ ಮೂಲಕ ಬಂದರೆ 21ರ ರಾತ್ರಿಯೊಳಗೆ ಇಲ್ಲಿರುತ್ತೀರಿ. 22, 23, 24 ಈ ಮೂರು ದಿನ ನಿಮ್ಮ ಕೈಯಲ್ಲಿವೆ. ಹೊರಗೆ ನೋಡಬೇಕಾದದ್ದನ್ನೆಲ್ಲ ಈ ಮೂರರಲ್ಲಿ ಮುಗಿಸಿ: ಕೊಲೊಸಿಯಂ, ಫೋರಂ, ನವೋನಾ ಚೌಕ, ನದಿಯ ದಂಡೆ. ಕೊಲೊಸಿಯಂ ಟಿಕೆಟ್ಟಿನ ಮೇಲೆ ಹೆಸರು ನಮೂದಾಗಿರುತ್ತದೆ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಬರೆಯಿರಿ. 25 ಭಾನುವಾರ ತಿಂಗಳ ಕೊನೆಯ ಭಾನುವಾರ. ಅಂದು ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ತುಮಕೂರಿನ ಅಕ್ಕ ಹೇಳಿದ ಕಾರಣಕ್ಕೇ ಆ ಕಡೆ ಸುಳಿಯಬೇಡಿ. 26 ಸೋಮವಾರ ಬೊರ್ಗೇಸೆಯಂತಹ ಹಲವು ಸರ್ಕಾರಿ ಸಂಗ್ರಹಾಲಯಗಳಿಗೆ ರಜೆ, ಆದರೆ ವ್ಯಾಟಿಕನ್ ತೆರೆದಿರುತ್ತದೆ. ಅಂದು ಅಲ್ಲಿಗೆ ಹೋಗಿ. 28 ಬುಧವಾರ ಬೆಳಗ್ಗೆ ವ್ಯಾಟಿಕನ್‌ನ ಸಂತ ಪೀಟರ್ ಚೌಕದಲ್ಲಿ ಪೋಪ್ ಅವರ ಸಾರ್ವಜನಿಕ ದರ್ಶನವಿರುವ ದಿನ, ಸಂತ ಪೀಟರ್ ಬೆಸಿಲಿಕಾದ ಒಳಗೆ ಹೋಗುವುದಾದರೆ ಆ ಬೆಳಗ್ಗೆ ಬಿಟ್ಟು ಬೇರೆ ಹೊತ್ತು ನೋಡಿಕೊಳ್ಳಿ.

ಕೋಣೆಯ ಬಗ್ಗೆ ಒಂದು ಮಾತು. ರೋಮ್‌ನ ಮನೆಗಳಲ್ಲಿ ಕೋಣೆ ಬಿಸಿಮಾಡುವ ವ್ಯವಸ್ಥೆಯನ್ನು ನವೆಂಬರ್ 1ರಿಂದ ಏಪ್ರಿಲ್ 15ರ ತನಕ ಮಾತ್ರ ಚಾಲೂ ಮಾಡಬೇಕೆಂಬ ಸರ್ಕಾರಿ ನಿಯಮವಿದೆ. ಅಕ್ಟೋಬರ್ ಕೊನೆಗೆ ಹೊರಗಿನ ಹವೆ ಹಿತವಾಗಿದ್ದರೂ ಹಳೆಯ ಕಲ್ಲಿನ ಮನೆಯೊಳಗೆ ರಾತ್ರಿ ತಣ್ಣಗಿರುತ್ತದೆ. ಬಾಡಿಗೆ ಮನೆ ಹಿಡಿದರೆ ಇನ್ನೊಂದು ಕಂಬಳಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಲಿಫ್ಟ್ ಇದೆಯೇ ಎಂಬುದನ್ನೂ.

ಮಂಗಳೂರು ಕುಟುಂಬ

ನಾವು ಕೆಥೊಲಿಕರು, ರೋಮ್‌ಗೆ ಹೋದದ್ದು ಯಾತ್ರೆಗೆಂದೇ. ನಮಗೆ ಋತುವನ್ನು ಆರಿಸುವ ಪ್ರಶ್ನೆ ಇರಲಿಲ್ಲ, ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದಲ್ಲೇ ಹೋಗಬೇಕೆಂಬುದು ನನ್ನ ತಾಯಿಯ ಆಸೆ. ಗರಿಗಳ ಭಾನುವಾರದಂದು ಅಲ್ಲಿ ಓಲಿವ್ ಕೊಂಬೆ ಹಂಚುತ್ತಾರೆ, ಶುಭ ಶುಕ್ರವಾರದ ರಾತ್ರಿ ಕೊಲೊಸಿಯಂ ಬಳಿ ಶಿಲುಬೆಯ ಹಾದಿ ನಡೆಯುತ್ತದೆ. ಸಾವಿರಾರು ಮೇಣದಬತ್ತಿಗಳ ನಡುವೆ ತಾಯಿ ಕೊಂಕಣಿಯಲ್ಲಿ ಜಪಮಾಲೆ ಹೇಳುತ್ತಿದ್ದರು. ಮೂರು ಗಂಟೆ ನಿಂತರೂ ಒಮ್ಮೆಯೂ ‘ಕಾಲು ನೋವು’ ಎನ್ನಲಿಲ್ಲ. ಭಕ್ತಿಗಾಗಿ ಹೋಗುವವರು ಚಳಿ, ಮಳೆ, ಜನ ಎಂದು ಲೆಕ್ಕ ಹಾಕಬೇಡಿ, ಹೋಗಿ. ಕೇವಲ ಊರು ನೋಡುವವರು ಮಾತ್ರ ಆ ವಾರವನ್ನು ಬಿಟ್ಟುಬಿಡಿ. ಹಲವು ರಸ್ತೆಗಳನ್ನು ಮುಚ್ಚಿರುತ್ತಾರೆ, ಕೋಣೆಗಳು ಮುಟ್ಟಲಾಗದಷ್ಟು ದುಬಾರಿ. ಈಸ್ಟರ್ ಪ್ರತಿ ವರ್ಷ ಬೇರೆ ದಿನಕ್ಕೆ ಬರುತ್ತದೆ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಶಿರಸಿಯ ಅಕ್ಕ ಹೇಳಿದ ಗಡಿಯಾರ ಮುಂದಕ್ಕೆ ಹೋಗುವ ದಿನವೂ 2027ರಲ್ಲಿ ಅದೇ.

ತುಮಕೂರಿನ ತಾಯಿ

ವೀಸಾ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ನಾನೇ ಬರೆಯುತ್ತೇನೆ. ಷೆಂಗೆನ್ ವೀಸಾಕ್ಕೆ (ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಿರಲೇಬೇಕು. ವಯಸ್ಕರಿಗೆ ಶುಲ್ಕ 90 ಯೂರೊ, ಅರ್ಜಿ ಸ್ವೀಕರಿಸುವ ಕೇಂದ್ರದವರ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಹಿರಿಯರೂ ಖುದ್ದಾಗಿ ಬರಬೇಕು. ಬೇಸಿಗೆ ರಜೆಯ ಹೊತ್ತಿಗೆ ಭೇಟಿಯ ದಿನಾಂಕ ಸಿಗುವುದೇ ಕಷ್ಟ. ನಮಗೆ ಪಾಸ್‌ಪೋರ್ಟ್ ಕೈಸೇರಿದ್ದು ಹೊರಡುವ ಮೂರು ದಿನ ಮೊದಲು, ಅಷ್ಟೂ ದಿನ ನನಗೆ ನಿದ್ದೆಯಿರಲಿಲ್ಲ. ಅಕ್ಟೋಬರ್ ಪ್ರವಾಸಕ್ಕೆ ನೀವು ಜೂನ್‌ನಲ್ಲೇ ಹಾಕಿಬಿಡಿ. ಹೊಸ ಪ್ರವೇಶ ವ್ಯವಸ್ಥೆ ಬಂದಿರುವುದರಿಂದ ಅಲ್ಲಿ ಇಳಿದ ಮೇಲೂ ಬೆರಳಚ್ಚು ತಾಳೆ ನೋಡಿ, ಮುಖದ ಫೋಟೊ ತೆಗೆಯುತ್ತಾರೆ, ಮೊದಲ ಸಲ ಹೋಗುವವರಿಗೆ ಸಮಯ ಹಿಡಿಯುತ್ತದೆ. ತಂದೆಯವರಿಗೆ ವಿಮಾನದ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಬಿಡಿ. ಹೆಚ್ಚುವರಿ ಹಣ ಕೊಡಬೇಕಿಲ್ಲ.

ದಾವಣಗೆರೆ ಮೇಷ್ಟ್ರು

ಅಕ್ಟೋಬರ್ 21 ಎಂದು ನಿಶ್ಚಯಿಸಿದೆವು. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಸ್ವಾತಿ ಮಳೆಯ ದಿನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಗಾಲಿಕುರ್ಚಿಗೆ ಮೊದಲು ಒಪ್ಪಲಿಲ್ಲ. ಮಂಗಳೂರಿನ ತಾಯಿಯ ಮೂರು ಗಂಟೆಯ ಸಂಗತಿ ಓದಿ ಹೇಳಿದ ಮೇಲೆ ‘ನಾನೂ ನಿಲ್ಲುತ್ತೇನೆ’ ಎಂದರು. ವಿಮಾನ ನಿಲ್ದಾಣದಲ್ಲಿ ಮಾತ್ರ ಕೂರಿ, ಕೊಲೊಸಿಯಂನಲ್ಲಿ ನಿಲ್ಲಿ ಎಂದು ಒಪ್ಪಂದವಾಗಿದೆ.

ಕೊನೆಯದಾಗಿ ಅಮ್ಮನ ಪ್ರಶ್ನೆ: ಆ ತಿಂಗಳಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ, ಊರಿನಿಂದ ಏನು ಒಯ್ಯಬಹುದು?

ರೋಮ್‌ನಲ್ಲಿರುವ ಶಿರಸಿಯವಳು

ಬಹಳ ಸಂತೋಷ. ಅಮ್ಮನವರಿಗೆ ಹೇಳಿ, ಹಾಲಿನ ಪೇಡಾ, ತುಪ್ಪ ತರುವಂತಿಲ್ಲ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನೂ ಬಿಟ್ಟುಬಿಡಿ. ಶೇಂಗಾ ಚಟ್ನಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಚಕ್ಕುಲಿ ತನ್ನಿ.

ಅಕ್ಟೋಬರ್‌ನಲ್ಲಿ ಇಲ್ಲಿ ಕುಂಬಳಕಾಯಿ, ಅಣಬೆ, ಬೀದಿಯಲ್ಲಿ ಕೆಂಡದ ಮೇಲೆ ಸುಡುವ ಚೆಸ್ಟ್‌ನಟ್ ಕಾಯಿ ಸಿಗುತ್ತವೆ. ಕಹಿ ಸೊಪ್ಪನ್ನು ಬೇಯಿಸಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಓಲಿವ್ ಎಣ್ಣೆಯಲ್ಲಿ ಬಾಡಿಸುತ್ತಾರೆ. ‘ಚಿಕೋರಿಯಾ ರಿಪಾಸಾತಾ’ ಎಂದು ಕೇಳಿ. ನಮ್ಮ ಸೊಪ್ಪಿನ ಪಲ್ಯವೇ. ಎಚ್ಚರವಿರಬೇಕಾದದ್ದು ಚೀಸ್ ವಿಷಯದಲ್ಲಿ. ಇಲ್ಲಿನ ಹೆಸರಾಂತ ಪೆಕೋರಿನೊ ರೊಮಾನೊ ಚೀಸ್ ಮಾಡಲು ಹಾಲು ಒಡೆಯಿಸುವುದಕ್ಕೆ ಕುರಿಮರಿಯ ಹೊಟ್ಟೆಯ ದ್ರವ್ಯ ಬಳಸುತ್ತಾರೆ. ಪಾರ್ಮೆಜಾನೊಗೆ ಕರುವಿನದು. ಸಸ್ಯಾಹಾರದ ಪಟ್ಟಿಯಲ್ಲಿ ಇದ್ದರೂ ಅಮ್ಮನವರಿಗೆ ಅದು ಹಿಡಿಸಲಾರದು, ‘ಚೀಸ್ ಬೇಡ’ ಎಂದೇ ಹೇಳಿ. ಟೊಮೆಟೊ ಹಚ್ಚಿದ ‘ಪಿಜ್ಜಾ ರೊಸ್ಸಾ’ ಚೌಕ ಚೌಕವಾಗಿ ಕತ್ತರಿಸಿ, ತೂಕ ಮಾಡಿ ಕೊಡುತ್ತಾರೆ. ಅದರಲ್ಲಿ ಚೀಸ್ ಇರುವುದಿಲ್ಲ.

ಇನ್ನೊಂದು. 23ರ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಪ್ಯಾಂಥಿಯನ್ ಎಂಬ ಹಳೆಯ ರೋಮನ್ ದೇವಾಲಯದ ಒಳಗಿರಿ. ಆ ಗುಮ್ಮಟದ ನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ತೆರೆದ ಕಂಡಿಯಿದೆ, ಗಾಜು ಗೀಜು ಏನೂ ಇಲ್ಲ. ಮಳೆ ಬಂದರೆ ನೇರ ನೆಲಕ್ಕೇ ಬಿದ್ದು ಕಲ್ಲಿನ ತೂತುಗಳಲ್ಲಿ ಇಳಿದುಹೋಗುತ್ತದೆ. ಬಿಸಿಲಿದ್ದರೆ ಬೆಳಕಿನ ದೊಡ್ಡ ವೃತ್ತವೊಂದು ಒಳಗೆ ಬೀಳುತ್ತದೆ. ಅದು ಜೂನ್ ಮಧ್ಯಾಹ್ನ ನೆಲದ ಮೇಲಿರುತ್ತದೆ, ಏಪ್ರಿಲ್ 21ರ ಸುಮಾರಿಗೆ ಬಾಗಿಲಿನ ಮೇಲೆ ಬಂದು ನಿಲ್ಲುತ್ತದೆ, ನೀವು ಬರುವ ಹೊತ್ತಿಗೆ ಗುಮ್ಮಟದ ಒಳಮೈಯ ಚೌಕ ಗೂಡುಗಳನ್ನು ಹತ್ತಿರುತ್ತದೆ. ಕುಳಿತುಕೊಳ್ಳಲು ಬೆಂಚುಗಳಿವೆ. ತಂದೆಯವರನ್ನು ಅಲ್ಲಿ ಕೂರಿಸಿ, ಆ ಬೆಳಕು ಒಂದು ಗೂಡಿನಿಂದ ಇನ್ನೊಂದಕ್ಕೆ ಸರಿಯುವುದನ್ನು ತೋರಿಸಿ. ನಾನು ಅಂದು ರಜೆ ಹಾಕಿ ಬರುತ್ತೇನೆ, ಅಮ್ಮನವರಿಗೆ ಅನ್ನ, ಸಾರು ಕಟ್ಟಿಕೊಂಡು ತರುತ್ತೇನೆ.

ದಾವಣಗೆರೆ ಮೇಷ್ಟ್ರು

ಅಮ್ಮ ಕೇಳುತ್ತಿದ್ದಾರೆ: ನಿಮಗೆ ಬೊಂಬೆ ಬಾಗಿನ ತರಬಹುದೇ, ಅದಕ್ಕೇನೂ ನಿಷೇಧವಿಲ್ಲವಲ್ಲ?

ರೋಮ್‌ನಲ್ಲಿರುವ ಶಿರಸಿಯವಳು

ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ಎಲ್ಲವೂ ತರಬಹುದು. ತೆಂಗಿನಕಾಯಿಗೂ ಅಡ್ಡಿಯಿಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಯಾರೂ ಬಾಗಿನ ಕೊಟ್ಟಿಲ್ಲ. ಅಮ್ಮನವರಿಗೆ ನಮಸ್ಕಾರ ತಿಳಿಸಿ.